ಅವ್ವ ಕೆರೆಗೆ ಬಿಟ್ಟು ಬಂದ ಮೀಸೆಮೀನು

ಮೀನುಗಾರಿಕೆ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಬೆಟಗೇರಿಯ ನಮ್ಮ ಮನೆಗೆ ಬಂದು, "ನಿಮ್ಮ ಕಾಲದಾಗ ಈ ಕೆಲಸ ಹೆಂಗಿತ್ತು ಹೇಳ್ರಿ ಸರ್" ಎಂದರು. ನಾನು ಹೇಳುತ್ತಾ ಕುಳಿತೆ, ಚಹಾ ಆರಿತು, ಅವರ ಬಸ್ಸೂ ತಪ್ಪಿತು. ಆದರೂ ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಇದರಲ್ಲಿ ಬರುವುದಿಲ್ಲ. ಅವು ಎಲ್ಲರಿಗೂ ಆಗುತ್ತವೆ, ಓದುವವರಿಗೆ ಆಕಳಿಕೆ ತರುತ್ತವೆ.

ನಮ್ಮದು ಗುಡಿಯ ಪೂಜೆಯನ್ನು ನಂಬಿಕೊಂಡ ಮನೆತನ. ಬಳ್ಳೊಳ್ಳಿ ಸುಲಿಯಬೇಕಾದರೂ ಹಿತ್ತಲಿಗೆ ಹೋಗಬೇಕಿತ್ತು. ಅಂಥ ಮನೆಯ ಹುಡುಗ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ, ಎಪ್ಪತ್ತರ ದಶಕದ ಆರಂಭದಲ್ಲಿ ಕೆಲಸಕ್ಕೂ ಸೇರಿದೆ. ಸುದ್ದಿ ಹೇಳಿದಾಗ ಅಪ್ಪ ಗಂಧ ತೇಯುತ್ತಿದ್ದರು.

"ಯಾವ ಖಾತೆಯೊಳಗೋ?"

"ಮೀನಿಂದು, ಅಪ್ಪಾ."

"ಮೀನಂದ್ರ?"

"ಮೀನಂದ್ರ ಮೀನ."

ಗಂಧದ ಕೊರಡು ಅಲ್ಲೇ ನಿಂತಿತು. ಅಡಿಗೆಮನೆಯಿಂದ ಅವ್ವನ ದನಿ ಬಂತು: "ಮತ್ಸ್ಯಾವತಾರ ಅಲ್ಲೇನ್ರಿ ಅದು? ಹತ್ತು ಅವತಾರದಾಗ ಮೊದಲನೇದು. ಹೋಗ್ಲಿ ಬಿಡ್ರಿ, ಅದೂ ದೇವರ ಸೇವಾನ." ಅಪ್ಪ ಮತ್ತೆ ಗಂಧ ತೇಯತೊಡಗಿದರು. ಓಣಿಯ ಮಂದಿ ಮಾತ್ರ ಅಂದಿನಿಂದ ನನ್ನನ್ನು ಮೀನಾಚಾರ್ರು ಎಂದು ಕರೆಯತೊಡಗಿದರು. ನನಗೂ ಅದು ಬೇಸರವಾಗಲಿಲ್ಲ.

ಆಗೆಲ್ಲ ನಮ್ಮ ದೊಡ್ಡ ಕೆಲಸವೆಂದರೆ ಕಾಟ್ಲಾ, ರೋಹು ಮರಿಗಳನ್ನು ತಂದು ಊರೂರ ಕೆರೆಗೆ ಬಿಡುವುದು. ನೀವು ಈಗ ಪ್ಲಾಸ್ಟಿಕ್ ಚೀಲಕ್ಕೆ ಆಮ್ಲಜನಕ ತುಂಬಿ, ಬಾಯಿ ಕಟ್ಟಿ, ಜೀಪಿನಲ್ಲಿಟ್ಟು ನಿದ್ದೆ ಹೊಡೆಯುತ್ತೀರಿ. ನಮಗೆ ಮಣ್ಣಿನ ಗಡಿಗೆಗಳೇ ಗತಿ. ನೀರಿಗೆ ಗಾಳಿ ಸೇರಬೇಕೆಂದರೆ ಅದರೊಳಗೆ ಕೈಯಾಡಿಸುತ್ತಲೇ ಇರಬೇಕು, ಕೈ ನಿಂತರೆ ಮರಿಗಳ ಉಸಿರೂ ನಿಲ್ಲುತ್ತದೆ. ಗದಗಿನಿಂದ ಮುಂಡರಗಿಯವರೆಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ನೀರು ಬಡಿಯುತ್ತಾ ಹೋಗುತ್ತಿದ್ದೆ. ನನ್ನ ಕೈ ಸೋತದ್ದು ಕಂಡರೆ ಪಕ್ಕದವರು, "ಸರೀರಿ ಆಚಾರ್ರ, ನಾ ಬಡೀತೀನಿ" ಎಂದು ತೋಳು ಮೇಲೇರಿಸುತ್ತಿದ್ದರು. ಒಮ್ಮೆ ಮದುವೆಗೆ ಹೊರಟ ದಿಬ್ಬಣವೊಂದು ಪಾಳಿ ಹಚ್ಚಿ ನೀರು ಬಡಿಯಿತು. ಮುಂಡರಗಿಯಲ್ಲಿ ಇಳಿದಾಗ ಮದುಮಗನ ಹೊಸ ಅಂಗಿ ಮೊಣಕೈವರೆಗೆ ಒದ್ದೆಯಾಗಿತ್ತು, ಮರಿಗಳು ಮಾತ್ರ ಒಂದೂ ಸತ್ತಿರಲಿಲ್ಲ.

ಮುಂದೆ ಆಮ್ಲಜನಕದ ಚೀಲ ಬಂತು. ಮೊದಲ ಸಲ ಒಯ್ಯುವಾಗ ಡಂಬಳ ದಾಟಿದ ಮೇಲೆ ಒಂದು ಚೀಲ ಢಂ ಎಂದು ಒಡೆಯಿತು. ಡ್ರೈವರ್ ಗಾಡಿ ನಿಲ್ಲಿಸಿ, ಕೆಳಗಿಳಿದು ಎಲ್ಲಾ ಗಾಲಿಗಳನ್ನೂ ಒದ್ದು ನೋಡಿದ. ಒಳಗೆ ನಾವು ಹತ್ತಾರು ಮಂದಿ ಸೀಟಿನ ಕೆಳಗೆ ಬಗ್ಗಿ ಮರಿ ಆರಿಸುತ್ತಿದ್ದೆವು. ಅವನಿಗೆ ನಿಜ ಹೇಳುವ ಧೈರ್ಯ ಮುಂಡರಗಿ ಬರುವತನಕ ನನಗೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ಮೇಲಧಿಕಾರಿಯಾಗಿ ಬಂದವರು ಕರಾವಳಿ ಕಡೆಯ ಪ್ರಭು ಸಾಹೇಬರು. ಸಮುದ್ರದ ಮೀನು ತಿಂದು ಬೆಳೆದವರು, ನಮ್ಮ ಕೆರೆಯ ಮೀನನ್ನು ಮೀನೆಂದು ಒಪ್ಪಲು ಅವರಿಗೆ ಬಹಳ ಸಮಯ ಬೇಕಾಯಿತು. "ಇದಕ್ಕೆ ಉಪ್ಪೇ ಇಲ್ಲ ಮಾರಾಯ್ರೆ, ಕೆಸರು ಕೆಸರು" ಎಂದು ಮೂಗು ಮುರಿಯುತ್ತಿದ್ದರು. "ನನಗೇನು ಗೊತ್ತು ಸಾರ್, ನಾ ಎರಡೂ ತಿಂದವನಲ್ಲ" ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ, ಆದರೆ ಮನಸ್ಸು ಬೆಣ್ಣೆ. ಅಂಥ ಸಾಹೇಬರು ಒಬ್ಬರಾದರೂ ನಿಮಗೆ ಸಿಗಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶಿರಹಟ್ಟಿ ತಾಲೂಕಿನಲ್ಲಿ ಒಂದು ಊರಿದೆ. ಲಕ್ಷ್ಮೇಶ್ವರದ ಬಸ್ಸು ಅಲ್ಲಿಯ ಕೆರೆಯ ಏರಿಯ ಮೇಲೆಯೇ ಹಾದುಹೋಗುತ್ತಿತ್ತು. ಆ ಕೆರೆಯನ್ನು ಯಾವಾಗಲೂ ಹೊರಗಿನ ಗುತ್ತಿಗೆದಾರರೇ ಹಿಡಿಯುತ್ತಿದ್ದರು. ಊರಿನ ಅಂಬಿಗರ ಮನೆಗಳವರು ತಮ್ಮ ಕೆರೆಯಲ್ಲೇ ಕೂಲಿಗೆ ಬಲೆ ಎಳೆಯಬೇಕಿತ್ತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ದುರ್ಗವ್ವ ಎಂಬ ಹೆಣ್ಣುಮಗಳು ಎಲ್ಲರನ್ನೂ ಒಗ್ಗೂಡಿಸಿ, ಮೊದಲ ಬಾರಿಗೆ ಕೆರೆಯನ್ನು ಊರಿನವರ ಕೈಗೆ ತಂದಳು. ಲಕ್ಷ್ಮೇಶ್ವರದ ಸಂತೆಯಲ್ಲಿ ಮೀನು ಮಾರುವವಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮನಸ್ಸು. ನಮ್ಮ ಖಾತೆಯ ಷರತ್ತು ಒಂದೇ: ಈ ಸಲ ಮೀನು ಚೆನ್ನಾಗಿ ಬಂದರೆ ಕೆರೆ ಅವರಲ್ಲೇ ಉಳಿಯುತ್ತದೆ, ಬಾರದಿದ್ದರೆ ಮತ್ತೆ ಗುತ್ತಿಗೆದಾರರ ಪಾಲು. ನಾನೇ ಕಾಟ್ಲಾ ಮರಿ ತಂದುಕೊಟ್ಟೆ. ಮರಿಗಳು ಬೆರಳುದ್ದ ಆಗುವತನಕ ಏರಿಯ ಪಕ್ಕದ ಒಂದು ಹೊಂಡದಲ್ಲಿ ಸಾಕಿ, ಆಮೇಲೆ ಕೆರೆಗೆ ಬಿಡುವುದೆಂದು ಮಾತಾಯಿತು.

ಅದೇ ಹೊತ್ತಿಗೆ ಈರಣ್ಣ ಎಂಬ ಗುತ್ತಿಗೆದಾರ, ಕೆರೆಗೆ ನೀರು ತರುವ ಹಳ್ಳದ ದಂಡೆಯಲ್ಲಿ ಸರ್ಕಾರದ ಜಾಗ ಕೇಳಿ ಅರ್ಜಿ ಹಾಕಿದ. ಅಲ್ಲಿ ಹೊಂಡ ತೋಡಿ ಪರದೇಶದ ಮೀಸೆಮೀನು ಸಾಕುತ್ತಾನಂತೆ. ಮರಿಗಳನ್ನು ಎಲ್ಲೋ ಪೂರ್ವದ ಕಡೆಯಿಂದ ರೈಲಿನಲ್ಲಿ ತರಿಸಿ ಮನೆಯ ನೀರಿನ ತೊಟ್ಟಿಯಲ್ಲಿ, ಅವನ ಮಾತಿನ ಹೌದಿನಲ್ಲಿ, ಇಟ್ಟುಕೊಂಡೂ ಇದ್ದ. ಕರಿಯ ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಬೆಕ್ಕಿನಂಥ ಮೀಸೆ.

"ಬಾಳ ಬೆರಕಿ ಮೀನ ಐತ್ರಿ ಆಚಾರ್ರ" ಎಂದು ಈರಣ್ಣ ಸಂಭ್ರಮದಿಂದ ವರ್ಣಿಸಿದ. "ಏನ್ ಹಾಕಿದ್ರೂ ತಿಂತೈತಿ, ಎಂಥಾ ರಾಡಿ ನೀರಾಗೂ ಬದುಕತೈತಿ, ನೋಡನೋಡೂದ್ರಾಗ ಮೊಳದುದ್ದ ಆಕ್ಕೈತಿ."

ಅವನು ಹೊಗಳಿದ ಒಂದೊಂದು ಗುಣವೂ ನನಗೆ ಒಂದೊಂದು ಅಪಾಯವಾಗಿ ಕೇಳಿಸಿತು. ಇದು ಹಳ್ಳಕ್ಕೆ ಬಿದ್ದರೆ ಕೆರೆಗೆ ಬರುತ್ತದೆ. ಕೆರೆ ಕೋಡಿ ಬಿದ್ದರೆ ಮುಂದೆ ತುಂಗಭದ್ರೆಯವರೆಗೂ ತಡೆಯುವವರಿಲ್ಲ.

ಪ್ರಭು ಸಾಹೇಬರು ಅರ್ಜಿಯನ್ನು ನನ್ನ ಕಡೆ ತಳ್ಳಿದರು. "ಇದರಿಂದ ಹಾನಿ ಉಂಟೋ ಇಲ್ಲವೋ, ನೋಡಿ ಬರೆಯಿರಿ."

"ಹೆಂಗ ನೋಡೂದು ಸಾರ್?"

"ಬಾಡಿಗೆಗೆ ಬಂದವರ ಬುದ್ಧಿ ತಿಳಿಯುವುದು ಒಳಗೆ ಬಂದ ಮೇಲೆ. ನಾಲ್ಕು ಮೀನು ತಂದು ಮನೆಯಲ್ಲಿ ಇಟ್ಟು ನೋಡಿ."

ಇಂಥ ಪರೀಕ್ಷೆಗೆ ಈಗ ನಿಮಗೆ ನಮೂನೆ, ಅಂಕ, ಕಂಪ್ಯೂಟರು ಎಲ್ಲಾ ಇವೆ. ನನ್ನ ಹತ್ತಿರ ಏನೂ ಇರಲಿಲ್ಲ. ಗದಗಿನ ನಮ್ಮ ಕಚೇರಿ ಅರಳೆ ಅಂಗಡಿಯ ಮೇಲಿನ ಒಂದೇ ಕೋಣೆ, ಅಲ್ಲಿ ಕುರ್ಚಿ ಇಡಲೂ ಜಾಗವಿರಲಿಲ್ಲ. ನನಗೆ ನಾನೇ ಕೆಲವು ಪ್ರಶ್ನೆ ಹಾಕಿಕೊಂಡೆ. ಈ ಮೀನು ನಮ್ಮ ನೀರಿನಲ್ಲಿ ಬದುಕುತ್ತದೆಯೇ? ಇಟ್ಟಲ್ಲಿಂದ ಹೊರಗೆ ಬೀಳುತ್ತದೆಯೇ? ಬಿದ್ದರೆ ಏನೇನು ತಿನ್ನುತ್ತದೆ? ಆಮೇಲೆ ಬೇಡವೆಂದರೆ ವಾಪಸು ಹಿಡಿಯಲು ಬರುತ್ತದೆಯೇ? ಇವತ್ತಿಗೂ ಇದಕ್ಕಿಂತ ಬೇರೆ ಪ್ರಶ್ನೆ ನನಗೆ ಹೊಳೆದಿಲ್ಲ.

ಈರಣ್ಣನ ಹೌದಿನಲ್ಲಿ ಆಗಲೇ ಗೇಣುದ್ದ ಬೆಳೆದಿದ್ದ ನಾಲ್ಕು ಮೀನು ತಂದು, ಹಿಂದೆ ಎಮ್ಮೆಗೆ ನೀರಿಡುತ್ತಿದ್ದ ಹಿತ್ತಲಿನ ಕಲ್ಲಿನ ದೋಣಿಯಲ್ಲಿ ಬಿಟ್ಟೆ. ಅವ್ವ ಸೆರಗನ್ನು ಮೂಗಿಗೆ ಹಿಡಿದು ದೂರ ನಿಂತಳು. "ಬಾವಿ ಕಡೆ ತರಬ್ಯಾಡ ನೋಡು, ಮಡಿ ನೀರು" ಎಂದಳು. ಆದರೆ ಅವ್ವನಿಗೆ ಹಸಿದ ಪ್ರಾಣಿ ಕಂಡರೆ ಸುಮ್ಮನಿರಲು ಬರುವುದಿಲ್ಲ. ವಾರ ಕಳೆಯುವುದರೊಳಗೆ ದೋಣಿಯ ಅಂಚಿಗೆ ಸೌಟಿನಿಂದ ಟಣ್ ಟಣ್ ಬಡಿದು, ಭಕ್ಕರಿ ಮುರಿದು ಹಾಕತೊಡಗಿದಳು. ಸಪ್ಪಳ ಕೇಳಿದ್ದೇ ತಡ, ನಾಲ್ಕೂ ಮೀಸೆಗಳು ಮೇಲೆ ಬರುತ್ತಿದ್ದವು.

"ರಾಘೂ, ಏನ್ ಹಾಕಿದ್ರೂ ಒಲ್ಲೆ ಅನ್ನಂಗಿಲ್ಲೋ ಇವು" ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. "ಅನ್ನ ತಿಂದ್ವು, ಝುಣಕ ತಿಂದ್ವು, ನಿಮ್ಮಪ್ಪ ಒಲ್ಲೆ ಅಂದ ಹಾಗಲಕಾಯಿ ಪಲ್ಯಾನೂ ತಿಂದ್ವು. ನಿನ್ನೆ ಒಂದು ಕಪ್ಪಿ ಬಿದ್ದಿತ್ತು, ಪಾಪ, ಅದೂ ಕಾಣ್ಲಿಲ್ಲ."

ಹೀಗೆ ತಿನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊರಗೆ ಬೀಳುವ ಪ್ರಶ್ನೆಗೆ ಒಂದು ಸಂಜೆಯ ಮಳೆ ಉತ್ತರ ಕೊಟ್ಟಿತು. ಅಂಗಳ ಒದ್ದೆಯಾಗಿದ್ದಾಗ ಒಂದು ಮೀನು ದೋಣಿಯಿಂದ ಜಿಗಿದು, ಎದೆಯ ಪಕ್ಕದ ಮುಳ್ಳುಗಳನ್ನು ಊರುತ್ತಾ, ಮೈ ಹೊರಳಿಸುತ್ತಾ ತುಳಸಿಕಟ್ಟೆಯವರೆಗೆ ನಡೆದಿತ್ತು. ಸಂಜೆ ದೀಪ ಹಚ್ಚಲು ಬಂದ ಅವ್ವ ಕಿರುಚಲಿಲ್ಲ. "ಪ್ರದಕ್ಷಿಣಿ ಹಾಕ್ಲಿಕ್ಕೆ ಬಂದದ ನೋಡು" ಎಂದಳು. ನಾನು ನಕ್ಕೆ, ಆದರೆ ಒಳಗೊಳಗೇ ಗಾಬರಿಯಾಗಿದ್ದೆ. ಗೋಡೆಯಿಲ್ಲದ ಹೊಂಡದಲ್ಲಿ ಇದು ಒಂದು ಮಳೆಯನ್ನೂ ಕಾಯುವುದಿಲ್ಲವೆಂದು ಖಾತ್ರಿಯಾಯಿತು.

ನೋಡುವುದು ಮುಗಿದ ಮೇಲೆ ಮೀನುಗಳನ್ನು ಕೊಂದು, ಕೆಡದಂತೆ ಔಷಧದ ಬಾಟಲಿಯಲ್ಲಿ ಹಾಕಿ ಕಳಿಸಿರೆಂದು ಸಾಹೇಬರು ಹೇಳಿದರು. ಊಟಕ್ಕೆ ಕುಳಿತಾಗ ಈ ಮಾತು ಅಪ್ಪನ ಮುಂದೆ ಹೇಳಿದೆ. ಬಡಿಸುತ್ತಿದ್ದ ಅವ್ವ ಏನೂ ಅನ್ನಲಿಲ್ಲ. ಅವ್ವ ಏನೂ ಅನ್ನದಿದ್ದರೆ ಹುಷಾರಾಗಿರಬೇಕೆಂದು ಅಷ್ಟು ವರ್ಷವಾದರೂ ನಾನು ಕಲಿತಿರಲಿಲ್ಲ.

ಮರುದಿನ ಮುಂಡರಗಿ ಕಡೆ ತಿರುಗಾಟ ಮುಗಿಸಿ ಸಂಜೆ ಬಂದರೆ ದೋಣಿ ಖಾಲಿ. ಅದನ್ನು ತೊಳೆದು, ಎದುರಿಗೆ ಒಂದೆಳೆ ರಂಗೋಲಿಯನ್ನೂ ಹಾಕಿಯಾಗಿತ್ತು.

"ಅವ್ವಾ, ಮೀನೆಲ್ಲಿ?"

"ಪುಣ್ಯಾ ಕಟಗೊಂಡು ಬಂದೆ. ನೀನ ಹೇಳ್ತಿದ್ದೆಲ್ಲಾ, ದುರ್ಗವ್ವನ ಕೆರಿ ನೀರು ಭಾಳ ಛಲೋ ಅದ, ಮೀನಕ್ಕ ತೌರಮನಿ ಇದ್ದಂಗ ಅಂತ. ತಾಮ್ರದ ಕೊಡದಾಗ ಹಾಕ್ಕೊಂಡು ಲಕ್ಷ್ಮೇಶ್ವರದ ಬಸ್ಸಿಗೆ ಹೋಗಿ ಬಿಟ್ಟು ಬಂದೆ."

"ಕೆರಿಯೊಳಗ?"

"ಕೆರಿ ದೊಡ್ಡದಾತು, ಪಾಪ ಹೆದರ್ತಾವ ಅಂತ, ಏರಿ ಮಗ್ಗುಲಕ್ಕ ಸಣ್ಣ ಹೊಂಡ ಅದಲಾ, ಅಲ್ಲಿ ಬಿಟ್ಟೆ. ಸಣ್ಣ ಸಣ್ಣ ಮರೀ ಇದ್ವು. ಆಡ್ಲಿಕ್ಕೆ ಜೊತಿ ಆದ್ವಲಾ ಅಂತ ಸಮಾಧಾನ ಆತು."

ನಾನು ಖಾಲಿ ದೋಣಿಯ ಅಂಚಿನ ಮೇಲೆ ಕುಳಿತೆ. ಯಾವ ಮರಿಗಳಿಗಾಗಿ ಆ ಊರಿನ ಮಂದಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರೋ, ಅವುಗಳ ನಡುವೆಯೇ ನಾಲ್ಕು ಹೊಟ್ಟೆಬಾಕರನ್ನು ನಮ್ಮವ್ವ ಕೈಯಾರೆ ಬಿಟ್ಟು ಬಂದಿದ್ದಳು. ಸಾಲದ್ದಕ್ಕೆ ಅದು ಮಳೆಗಾಲ. ಹೊಂಡ ತುಂಬಿ ಕೆರೆಗೆ ಹರಿಯಿತೆಂದರೆ ಅವು ಇನ್ನು ಯಾರ ಕೈಗೂ ಸಿಗುವುದಿಲ್ಲ. ಮೀಸೆಮೀನು ಹೇಗೆಲ್ಲ ಕೆರೆ ಸೇರಬಹುದೆಂದು ನಾನು ಹಗಲೆಲ್ಲ ಲೆಕ್ಕ ಹಾಕಿದ್ದೆ. ಪ್ರವಾಹ ಬಂದರೆ, ಒಡ್ಡು ಒಡೆದರೆ, ಹಕ್ಕಿ ಕಚ್ಚಿ ಒಯ್ದು ಬೀಳಿಸಿದರೆ. ತಾಮ್ರದ ಕೊಡದಲ್ಲಿ ಕುಳಿತು, ಬಸ್ಸು ಹತ್ತಿ, ಅರಿಶಿನ ಕುಂಕುಮದ ಕೈಯಿಂದ ಬರಬಹುದೆಂದು ಹೊಳೆದೇ ಇರಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಅವ್ವನನ್ನೂ ಕರೆದುಕೊಂಡು ಹೊರಟೆ. ಕಪ್ಪತಗುಡ್ಡದ ಕಡೆ ಮೋಡ ಕಪ್ಪಾಗುತ್ತಿತ್ತು. ದುರ್ಗವ್ವ ಏರಿಯ ಮೇಲೇ ಸಿಕ್ಕಳು. ನಾನು ತಡವರಿಸುತ್ತಾ ಎಲ್ಲಾ ಹೇಳಿದೆ. ಅವಳು ಹೊಂಡವನ್ನೊಮ್ಮೆ, ಮೋಡವನ್ನೊಮ್ಮೆ ನೋಡಿದಳು.

"ಆಚಾರ್ರ, ಬೆಕ್ಕು ತಂದು ಹಾಲಿನ ಗಡಿಗ್ಯಾಗ ಬಿಟ್ರೆಲ್ರಿ!"

"ಅವನ್ನ ಬೈಬ್ಯಾಡವಾ" ಎಂದು ಅವ್ವ ಮುಂದೆ ಬಂದಳು. "ಬಿಟ್ಟಾಕಿ ನಾನು. ಕೊಲ್ತೀನಿ ಅಂದ, ನನಗ ತಡೀಲಿಲ್ಲ."

ದುರ್ಗವ್ವನ ದನಿ ಸ್ವಲ್ಪ ಇಳಿಯಿತು. "ಅವ್ವಾರ, ನಿಮ್ಮ ನಾಕು ಜೀವ ಉಳೀಲಿ ಅಂತ ಬಿಟ್ರಿ, ಖರೆ. ಈ ಹೊಂಡದ ತುಂಬ ಜೀವ ಅದಾವ್ರಿ. ಇವು ಹೋದ್ವು ಅಂದ್ರ ನಮ್ಮ ಮಂದಿ ಮತ್ತ ಕೂಲಿಗೆ ಬಲಿ ಎಳೀಬೇಕು."

ಅವ್ವ ಹೊಂಡದ ಅಂಚಿಗೆ ಹೋಗಿ ನೀರಿನೊಳಗೆ ಇಣುಕಿದಳು. ಆಮೇಲೆ, "ಹಿಡಕೊಡ್ತೀನಿ. ಆದ್ರ ಕೊಲ್ಲಬಾರ್ದು. ನಮ್ಮ ದೋಣಿಯೊಳಗ ನಾನ ಸಾಕ್ತೀನಿ, ಇರೋತನಕ" ಎಂದಳು. ನಾನು ಸಾಹೇಬರನ್ನೂ ಬಾಟಲಿಯನ್ನೂ ಮರೆತು ಹೂಂ ಎಂದೆ.

ಅವ್ವ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಜೊತೆಗೆ ತಂದಿದ್ದ ತಾಮ್ರದ ಕೊಡದ ಕಂಠಕ್ಕೆ ಬಳೆಗೈಯಿಂದ ಟಣ್ ಟಣ್ ಬಡಿದಳು. ಬುತ್ತಿಯ ಭಕ್ಕರಿ ಮುರಿದು ಎಸೆದಳು. ಮೊದಲು ಬಂದದ್ದು ಊರಿನ ನಾಯಿ. ಎರಡನೆಯದಾಗಿ ಬಂದವರು ಊರಿನ ಅರ್ಧ ಮಂದಿ. ಅವ್ವ ತಿರುಗಿ ನೋಡದೆ ಬಡಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ನೀರು ಗುಳುಕ್ ಎಂದಿತು. ಎರಡು ಮೀಸೆಮುಖಗಳು ಮೇಲೆ ಬಂದವು, ದುರ್ಗವ್ವನ ಬೀಸುಬಲೆ ಛಟ್ಟನೆ ಬಿತ್ತು. ಮಂದಿ ಹೋ ಎಂದು ಕೂಗಿದರು. ಅವ್ವನ ಕಣ್ಣು ಮಾತ್ರ ತುಂಬಿತ್ತು. "ನಂಬಿ ಬಂದ್ವಲ್ಲೋ" ಎಂದಳು. ನಾನು ಅವಳ ಭುಜ ಹಿಡಿದು ನಿಂತೆ.

ಗದ್ದಲಕ್ಕೆ ಬೆದರಿ ಉಳಿದೆರಡು ಬರಲಿಲ್ಲ. ಆಗ ಗಂಡಸರು ಹೊಂಡಕ್ಕಿಳಿದು ದೊಡ್ಡ ಕಣ್ಣಿನ ಬಲೆ ಎಳೆದರು. ಕಾಟ್ಲಾ ಮರಿಗಳು ಬಲೆಯ ಕಣ್ಣಿನಿಂದ ನುಸುಳಿ ಹೋಗುತ್ತಿದ್ದವು, ದೊಡ್ಡದು ಮಾತ್ರ ಸಿಗಬೇಕು. ಮೂರನೆಯದು ಸಿಕ್ಕಿತು. ನಾಲ್ಕನೆಯದು ಕೆಸರಿನೊಳಗೆ ಹೊಕ್ಕಿತೋ ಏನೋ, ಎಷ್ಟು ಎಳೆದರೂ ಇಲ್ಲ. ಅಷ್ಟರಲ್ಲಿ ಮಳೆ ಹನಿಯತೊಡಗಿತು, ನೋಡನೋಡುತ್ತ ಜೋರಾಯಿತು. ಹೊಂಡದ ನೀರು ಒಡ್ಡಿನ ಅಂಚಿಗೆ ಬರುತ್ತಿತ್ತು. ಎಲ್ಲರೂ ಸಲಿಕೆ, ಬುಟ್ಟಿ ಹಿಡಿದು ಒಡ್ಡಿಗೆ ಮಣ್ಣು ಹಾಕಲು ನಿಂತರು. ನಾನೂ ಪಂಚೆ ಎತ್ತಿ ಕಟ್ಟಿ ಬುಟ್ಟಿ ಹೊತ್ತೆ.

"ಅಲ್ಲಿ! ಅಲ್ಲಿ ಹೊಂಟದ ನೋಡ್ರೋ!" ಅವ್ವನ ಕೂಗು.

ತುಳಸಿಕಟ್ಟೆಗೆ ಬಂದವನೇ ಇರಬೇಕು. ಒಡ್ಡು ಹತ್ತಿ, ಒದ್ದೆ ಹುಲ್ಲಿನ ಮೇಲೆ ಮೈ ಹೊರಳಿಸುತ್ತಾ ಕೆರೆಯ ಕಡೆ ನಡೆದಿತ್ತು. ಇಷ್ಟು ಮಂದಿ ನಿಂತಿದ್ದೇವೆ ಎಂಬ ಖಬರೇ ಅದಕ್ಕಿರಲಿಲ್ಲ. ನಾನು ಓಡಿ ಜಾರಿ ಬಿದ್ದೆ. ನನ್ನನ್ನು ದಾಟಿ ದುರ್ಗವ್ವ ಹಾರಿದಳು. ಸೆರಗು ಬೀಸಿ, ಮೀನಿನ ಮೇಲೆ ಅಡ್ಡ ಬಿದ್ದು, ಎದೆಗವಚಿಕೊಂಡು ಎದ್ದಳು. ಮುಖದ ತುಂಬ ಕೆಸರು, ಅಂಗೈಗೆ ಮುಳ್ಳು ಚುಚ್ಚಿ ರಕ್ತ. "ಸಿಕ್ಕನ್ರೀ ಕಳ್ಳ!" ಎಂದು ಮಳೆಯ ಸಪ್ಪಳವನ್ನೂ ಮೀರಿ ಕೂಗಿದಳು. ಕೆರೆಯ ನೀರು ಅಲ್ಲಿಂದ ಒಂದೇ ಹೆಜ್ಜೆ ದೂರವಿತ್ತು.

ನಗು ಶುರುವಾಯಿತು ನೋಡಿ, ನಿಲ್ಲಿಸಲು ಯಾರಿಗೂ ಬರಲಿಲ್ಲ. ಅವ್ವ ತನ್ನ ಸೆರಗಿನ ಅಂಚು ಹರಿದು ದುರ್ಗವ್ವನ ಕೈಗೆ ಕಟ್ಟಿದಳು. ದುರ್ಗವ್ವ ಮನೆಯಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಬಾವಿಯ ನೀರಿಗೂ ಮಡಿ ಮಾಡುವ ನಮ್ಮವ್ವ ಅದನ್ನು ಗಟಗಟ ಕುಡಿದಳು. ನಾನು ನೋಡಿಯೂ ನೋಡದಂತೆ ಮೋಡ ನೋಡುತ್ತಾ ನಿಂತೆ, ಆದರೆ ಆ ದಿನದಷ್ಟು ಸಂತೋಷ ನನಗೆ ನೌಕರಿಯಲ್ಲಿ ಮತ್ತೆ ಆಗಲಿಲ್ಲ.

ಒಂದಿಷ್ಟು ಮರಿ ಹೋಗಿದ್ದವು, ಬಹಳಷ್ಟು ಉಳಿದಿದ್ದವು. ವರದಿಯಲ್ಲಿ ನಡೆದದ್ದನ್ನೆಲ್ಲ ಬರೆದೆ. ಈ ಮೀನು ಇಲ್ಲಿ ಬದುಕುತ್ತದೆ, ಹೊರಗೆ ನಡೆಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಹೊಂಡದಿಂದ ನಾಲ್ಕನ್ನು ಹಿಡಿಯಲು ಇಡೀ ಊರು ಬೇಕಾಯಿತು, ಕೆರೆಯಿಂದ ಹಿಡಿಯುವ ಮಾತೇ ಬೇಡ. ಕೊನೆಗೆ, ಕರುಣೆಯಿಂದಲೂ ಈ ಮೀನು ಹರಡಬಹುದು ಎಂದು ಸೇರಿಸಿದೆ.

"ಕರುಣೆಯಾ? ಎಂತದು ಇದು ಆಚಾರ್ರೆ?" ಎಂದು ಪ್ರಭು ಸಾಹೇಬರು ಕನ್ನಡಕ ಮೇಲೇರಿಸಿದರು. ನಾನು ಅವ್ವನ ಕಥೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದರು. "ತಿನ್ನುವವರ ಊರಲ್ಲಿ ಮೀನು ಪಾತ್ರೆಗೆ ಹೋಗುತ್ತದೆ. ತಿನ್ನದವರ ಊರಲ್ಲಿ ನೀರಿಗೆ ಹೋಗುತ್ತದೆ. ಈ ಸಾಲು ಇರಲಿ, ತೆಗೀಬೇಡಿ" ಎಂದರು. ಈರಣ್ಣನಿಗೆ ಜಾಗ ಸಿಗಲಿಲ್ಲ. ತನ್ನ ಹೌದಿನ ಮೀನನ್ನೆಲ್ಲ ನಮ್ಮೆದುರೇ ತಿನ್ನುವವರಿಗೆ ಕೊಟ್ಟು ಮುಗಿಸಿದ, ಎರಡು ದಿನ ಮುಖ ಗಂಟು ಹಾಕಿಕೊಂಡ, ಮೂರನೆಯ ದಿನ ಅವ್ವ ಮೀನಿಗೆ ಉಣ್ಣಿಸುವುದನ್ನು ನೋಡಲು ನಮ್ಮ ಹಿತ್ತಲಿಗೆ ಬಂದು ಚಹಾ ಕುಡಿದು ಹೋದ. ದೋಣಿಗೆ ನಾನು ತಂತಿಯ ಬಲೆ ಬಿಗಿಸಿದೆ. ಬಾಟಲಿಯ ವಿಷಯ ಸಾಹೇಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸಬರಿಗೆ ನನ್ನ ಮಾತು ಇಷ್ಟೇ: ನೀರು, ಒಡ್ಡು, ಮುಳ್ಳು, ಮೀಸೆ ಎಲ್ಲಾ ಅಳೆಯಿರಿ. ಜೊತೆಗೆ ಆ ಊರಿನ ಮಂದಿ ಯಾವುದಕ್ಕೆ ಮರುಗುತ್ತಾರೆ ಎಂದೂ ಕೇಳಿಕೊಂಡು ಬನ್ನಿ.

ಬೇಸಿಗೆಗೆ ಕೆರೆಯಲ್ಲಿ ಮೀನು ತೋಳುದ್ದ ಬಂತು, ಕೆರೆ ಊರಿನವರಲ್ಲೇ ಉಳಿಯಿತು. ಮುಂದಿನ ಮಳೆಗಾಲ ಮರಿ ಬಿಡುವ ದಿನ ದುರ್ಗವ್ವ ನಮ್ಮ ಮನೆಯ ಬಾಗಿಲಿಗೇ ಬಂದಳು. "ಅವ್ವಾರ, ಬಿಡೂದು ಅಂದ್ರ ನಿಮಗ ಭಾಳ ಇಷ್ಟ. ಈ ಸಲದ ಮರಿ ನಿಮ್ಮ ಕೈಲೆ ಬಿಡ್ರಿ" ಎಂದಳು. ಅವ್ವ ಇಳಕಲ್ ಸೀರೆ ಉಟ್ಟು ಹೊರಟೇಬಿಟ್ಟಳು.

ಕೆರೆಯ ಅಂಚಿನಲ್ಲಿ ಮರಿಗಳ ಕೊಡವನ್ನು ಅವ್ವನ ಕೈಗೆ ಕೊಟ್ಟರು. ಅವಳು ಅದನ್ನು ಬಗ್ಗಿಸಲು ಹೋಗಿ ನಿಂತಳು.

"ದುರ್ಗವ್ವಾ, ಇವನ್ನ ಬ್ಯಾಸಿಗಿಗೆ ಹಿಡೀತೀರಿ, ಹೌದಲ್ಲವಾ?"

ದುರ್ಗವ್ವ ಸುಳ್ಳು ಹೇಳಲಿಲ್ಲ. "ಹಿಡೀತೀವ್ರಿ ಅವ್ವಾರ. ಅದ ನಮ್ಮ ಅನ್ನ."

ಅವ್ವ ಕೊಡದೊಳಗೆ ಬೆರಳಾಡಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಹೆಜ್ಜೆ ನೀರಿಗಿಳಿದಳು.

"ಆತು. ಅಲ್ಲಿತನಕ ಹೊಟ್ಟಿ ತುಂಬ ಉಂಡು, ಛಂದಾಗಿ ಆಡ್ಲಿ" ಎಂದು ಕೊಡ ಬಗ್ಗಿಸಿದಳು.